ಎರಡು ಹೆಜ್ಜೆ, ಒಂದು ಚಪ್ಪಾಳೆ



ಸೊಲ್ಲಾಪುರ, ಜತ್ತದ ಕಡೆಯವರಿಗೆ ಸಾತಾರಾ ಜಿಲ್ಲೆಯ ಪಂಚಗಣಿ ಕೇಳದ ಊರೇನಲ್ಲ. ಅಲ್ಲಿನ ಸೇಂಟ್ ಪೀಟರ್ಸ್ ಶಾಲೆಯಲ್ಲಿ ಒಬ್ಬ ಪಾರ್ಸಿ ಹುಡುಗ ಓದುತ್ತಿದ್ದ. ಹೆಸರು ಫರೋಖ್ ಬುಲ್ಸಾರಾ. ಹುಟ್ಟಿದ್ದು 1946ರಲ್ಲಿ, ಆಫ್ರಿಕದ ಜಾಂಜಿಬಾರಿನಲ್ಲಿ. ಶಾಲೆಯ ಗೆಳೆಯರ ವಾದ್ಯಮೇಳದಲ್ಲಿ ಪಿಯಾನೊ ನುಡಿಸುತ್ತಿದ್ದ. ಮುಂದೆ ಫ್ರೆಡಿ ಮರ್ಕ್ಯುರಿ ಎಂದು ಲೋಕವೆಲ್ಲ ಹೆಸರಾದ ಗಾಯಕ ಇವನೇ.

1964ರಲ್ಲಿ ಜಾಂಜಿಬಾರಿನಲ್ಲಿ ಕ್ರಾಂತಿಯಾಗಿ, ಈ ಕುಟುಂಬ ಇಂಗ್ಲೆಂಡಿಗೆ ಹೋಯಿತು. 1970ರಲ್ಲಿ ಲಂಡನ್ನಿನಲ್ಲಿ ಫ್ರೆಡಿ, ಗಿಟಾರಿನ ಬ್ರಯಾನ್ ಮೇ, ಡ್ರಮ್ಮಿನ ರೋಜರ್ ಟೇಲರ್ ಕೂಡಿ ‘ಕ್ವೀನ್’ ಮೇಳ ಕಟ್ಟಿದರು. ಮರುವರ್ಷ ಜಾನ್ ಡೀಕನ್ ಸೇರಿದರು. ಮೇ ಅವರ ಗಿಟಾರು ಅಂಗಡಿಯದಲ್ಲ. ಹಳೆಯ ಬೆಂಕಿಗೂಡಿನ ಮರದಿಂದ ತಂದೆಯೊಡನೆ ಮನೆಯಲ್ಲೇ ಮಾಡಿಕೊಂಡದ್ದು.

1975ರ ‘ಬೊಹೀಮಿಯನ್ ರಾಪ್ಸಡಿ’ ಹಾಡು ಸುಮಾರು ಆರು ನಿಮಿಷದ್ದು. ಅದಕ್ಕೆ ಪಲ್ಲವಿಯೇ ಇಲ್ಲ. ಮೆಲ್ಲನೆ ಆರಂಭವಾಗಿ, ನಡುವೆ ಯುರೋಪಿನ ಸಂಗೀತ ನಾಟಕದಂತಾಗಿ, ಕಡೆಗೆ ಗಿಟಾರಿನ ಅಬ್ಬರಕ್ಕೆ ಏರುತ್ತದೆ. ಮೂವರ ಕಂಠವನ್ನೇ ಮತ್ತೆ ಮತ್ತೆ ಮುದ್ರಿಸಿ ದೊಡ್ಡ ಗಾಯನವೃಂದದ ನಾದ ತಂದರು.

1977ರಲ್ಲಿ ಮೇ ಬೇರೊಂದು ದಾರಿ ಹಿಡಿದರು. ಜನಸಂದಣಿಯಲ್ಲಿ ನಿಂತವನು ಏನು ಮಾಡಬಲ್ಲ? ಕಾಲು ಬಡಿಯಬಲ್ಲ, ಚಪ್ಪಾಳೆ ತಟ್ಟಬಲ್ಲ, ದನಿಗೂಡಿಸಬಲ್ಲ. ಎರಡು ಹೆಜ್ಜೆ, ಒಂದು ಚಪ್ಪಾಳೆ: ‘ವಿ ವಿಲ್ ರಾಕ್ ಯು’ ಹಾಡಿನ ತಾಳ ಇಷ್ಟೇ. ಕೇಳುವವರೇ ವಾದ್ಯವಾದರು.

1985ರ ಜುಲೈ 13ರಂದು, ಇಥಿಯೋಪಿಯದ ಬರಗಾಲಕ್ಕೆ ನೆರವು ಕೂಡಿಸಲು ಲಂಡನ್ನಿನ ವೆಂಬ್ಲಿಯಲ್ಲಿ ಕಚೇರಿ ನಡೆಯಿತು. ಸುಮಾರು 72 ಸಾವಿರ ಜನ. ಕ್ವೀನ್ ಹಾಡಿದ್ದು ಇಪ್ಪತ್ತು ನಿಮಿಷದಷ್ಟು. ಫ್ರೆಡಿ ಮಾತಿಲ್ಲದ ಆಲಾಪವೊಂದನ್ನು ಎಳೆದರು. ಮೈದಾನವೆಲ್ಲ ಅದನ್ನೇ ತಿರುಗಿ ಹಾಡಿತು. ನಮ್ಮ ಭಜನೆಯಲ್ಲಿ ಮುಂದಿನವರು ಹೇಳಿಕೊಟ್ಟಂತೆ ಹಿಂದಿನವರು ಹೇಳುವುದಿಲ್ಲವೇ, ಹಾಗೆ.

ಅಷ್ಟು ಜನರ ದನಿ ಬಿಡಿಸಿದ ಈ ಮನುಷ್ಯ ತನ್ನ ಕಾಯಿಲೆಯ ವಿಷಯದಲ್ಲಿ ಮಾತ್ರ ಮೌನವಾಗಿದ್ದರು. ತಮಗೆ ಏಡ್ಸ್ ಇದೆಯೆಂದು ಅವರು ಪ್ರಕಟಿಸಿದ್ದು 1991ರ ನವೆಂಬರ್ 23ರಂದು. ಮರುದಿನವೇ ತೀರಿಕೊಂಡರು, ವಯಸ್ಸು 45. 1992ರ ಏಪ್ರಿಲಿನಲ್ಲಿ ಉಳಿದ ಮೂವರು ಅದೇ ವೆಂಬ್ಲಿಯಲ್ಲಿ, ಏಡ್ಸ್ ಬಗ್ಗೆ ಅರಿವು ಮೂಡಿಸಲು ಅವರ ನೆನಪಿನ ಕಚೇರಿ ನಡೆಸಿದರು.

ಈ ರೋಗದ ಮಾತು ಬಂದರೆ ನಮ್ಮ ಊರುಗಳಲ್ಲೂ ದನಿ ತಗ್ಗುತ್ತದೆ. ಇಂದು ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ ಔಷಧಿ ಉಚಿತ. ತಪ್ಪದೆ ತೆಗೆದುಕೊಂಡವರು ಬಹುಕಾಲ ಬಾಳುತ್ತಾರೆ. ಬಚ್ಚಿಟ್ಟರೆ ಮಾತ್ರ ಕೇಡು. ನೆರೆಮನೆಯವರು ಬಾಯಿಬಿಟ್ಟು ಹೇಳಿದ ದಿನ, ನಾವೂ ಅವರ ದನಿಗೆ ದನಿಗೂಡಿಸೋಣ.