ಮಕ್ಕಳ ಹಕ್ಕುಗಳೂ ಹಿರಿಯರ ಹೊಣೆಯೂ

 

ಲಿಂಗವಂತರ ಮನೆಯಲ್ಲಿ ಶಿಶುವು ಜನಿಸಿದ ಕೆಲವೇ ದಿನಗಳಲ್ಲಿ ಅದಕ್ಕೆ ಲಿಂಗಧಾರಣೆಯಾಗುವದು ಪರಂಪರೆಯಿಂದ ಬಂದ ಆಚಾರ. ಮಾತು ಬಾರದ, ನಡೆಯಲರಿಯದ ಆ ಕೂಸು ದೊಡ್ಡದಾಗಿ ಅರ್ಹತೆಯನ್ನು ಸಂಪಾದಿಸಲೆಂದು ಗುರುವು ಕಾಯುವದಿಲ್ಲ. ಅಂಗವು ಕಿರಿದಾದರೂ ಅದರಲ್ಲಿ ನೆಲೆಸಿದ ವಸ್ತುವು ಕಿರಿದಲ್ಲವೆಂಬದೇ ಇದರ ತಾತ್ಪರ್ಯ. ಬಸವಣ್ಣನವರ ಸೋದರಳಿಯನಾದ ಚೆನ್ನಬಸವಣ್ಣನವರು ಪ್ರಾಯದಲ್ಲಿ ಎಳೆಯರಾಗಿದ್ದರೂ ಷಟ್‌ಸ್ಥಲಜ್ಞಾನಿಗಳೆನಿಸಿ, ಅಲ್ಲಮಪ್ರಭುಗಳ ತರುವಾಯ ಶೂನ್ಯಪೀಠವನ್ನು ಅಲಂಕರಿಸಿದರೆಂದು ಸಂಪ್ರದಾಯವು ಸಾರುತ್ತದೆ. ಎಳೆಯರ ನುಡಿಗೆ ಕಿವಿಗೊಡುವದು ಶರಣಮಾರ್ಗಕ್ಕೆ ಹೊಸದಲ್ಲ. ಆದರೆ ಆಚಾರದಲ್ಲಿರುವ ಈ ಗೌರವವು ವ್ಯವಹಾರದಲ್ಲಿಯೂ ಉಂಟೇ? ಮಕ್ಕಳಿಗೆ ಉಪದೇಶ ಮಾಡುವವರು ಹಲವರು. ಮಕ್ಕಳನ್ನು ಕೇಳಿ ತಿಳಿಯುವವರು ಎಷ್ಟು ಮಂದಿ?

ಈ ಪ್ರಶ್ನೆಯನ್ನೇ ತನ್ನ ವಿದ್ಯೆಯ ತಿರುಳನ್ನಾಗಿ ಮಾಡಿಕೊಂಡ ಭೂಗೋಲ ಪಂಡಿತರೊಬ್ಬರುಂಟು. ಅವರ ಹೆಸರು ರಾಜರ್ ಹಾರ್ಟ್. ಬ್ರಿಟನ್ನಿನಲ್ಲಿ ಹುಟ್ಟಿ, ಅಮೇರಿಕೆಯ ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ ಭೂಗೋಲವನ್ನು ವ್ಯಾಸಂಗ ಮಾಡಿ, ಮುಂದೆ ನ್ಯೂಯಾರ್ಕ್ ನಗರದ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಭೂಗೋಲವೆಂದರೆ ಪರ್ವತ, ನದಿ, ರಾಜ್ಯಗಳ ವಿವರಣೆಯೆಂದು ಸಾಮಾನ್ಯ ತಿಳುವಳಿಕೆ. ಆದರೆ 1972ರಲ್ಲಿ ಹಾರ್ಟರು ಅಮೇರಿಕೆಯ ಈಶಾನ್ಯ ಭಾಗದ ಒಂದು ಸಣ್ಣ ಊರಿಗೆ ಹೋಗಿ, ಅಲ್ಲಿಯ ಶಾಲೆಯ 86 ಮಕ್ಕಳ ಹಿಂದೆ ಎರಡು ವರ್ಷ ತಿರುಗಿದರು. ಮಗುವು ಮನೆಯಿಂದ ಎಷ್ಟು ದೂರ ಒಬ್ಬನೇ ಹೋಗಬಹುದು, ಯಾವ ಹಳ್ಳದ ದಂಡೆಯು ಅದಕ್ಕೆ ಪ್ರಿಯ, ಯಾವ ಸ್ಥಳವು ಭಯಂಕರ, ಹುಡುಗಿಯರಿಗೆ ಹುಡುಗರಿಗಿಂತ ಎಷ್ಟು ಹೆಚ್ಚಿನ ಕಟ್ಟು ಎಂಬದನ್ನೆಲ್ಲ ನಕಾಶೆಯಲ್ಲಿ ಗುರುತಿಸಿದರು. ಇದರ ಫಲವಾದ ಗ್ರಂಥವು 1979ರಲ್ಲಿ ಪ್ರಕಟವಾಯಿತು. ಒಂದೇ ಊರಿನೊಳಗೆ ಹಿರಿಯರು ಕಾಣದ ಮತ್ತೊಂದು ಊರು, ಮಕ್ಕಳ ಊರು, ಇರುವದೆಂಬದು ಅದರಿಂದ ಸ್ಪಷ್ಟವಾಯಿತು.

ಅತ್ತ ರಾಷ್ಟ್ರಗಳ ಸಭೆಗಳಲ್ಲಿಯೂ ಮಕ್ಕಳ ವಿಚಾರವು ಬೆಳೆಯುತ್ತಲಿತ್ತು. 1924ರಲ್ಲಿ ಜಿನೀವಾ ನಗರದಲ್ಲಿ ರಾಷ್ಟ್ರಸಂಘವು ಅಂಗೀಕರಿಸಿದ ಘೋಷಣೆಯು, ಹಸಿದ ಮಗುವಿಗೆ ಅನ್ನ, ರೋಗಿಯಾದ ಮಗುವಿಗೆ ಶುಶ್ರೂಷೆ ದೊರೆಯಬೇಕೆಂದು ವಿಧಿಸಿತು. ಅಲ್ಲಿ ಮಗುವು ಪಡೆಯುವದು ಮಾತ್ರ, ಕೊಡುವವರು ಹಿರಿಯರು. 1989ರ ನವಂಬರ 20ರಂದು ವಿಶ್ವಸಂಸ್ಥೆಯು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ತನಗೆ ಸಂಬಂಧಿಸಿದ ವಿಷಯಗಳಲ್ಲಿ ತನ್ನ ಅಭಿಪ್ರಾಯವನ್ನು ಹೇಳುವ ಹಕ್ಕು ಮಗುವಿಗುಂಟು. ವಯಸ್ಸು ಮತ್ತು ಪಕ್ವತೆಗಳಿಗನುಸಾರವಾಗಿ ಆ ಅಭಿಪ್ರಾಯಕ್ಕೆ ಬೆಲೆ ಸಲ್ಲತಕ್ಕದ್ದು ಎಂದು ಅದರ 12ನೆಯ ಕಲಮು ಹೇಳುತ್ತದೆ. ಭಾರತವು 1992ರಲ್ಲಿ ಇದನ್ನು ಒಪ್ಪಿಕೊಂಡಿತು.

ಅದೇ 1992ರಲ್ಲಿ ಹಾರ್ಟರು ಯುನಿಸೆಫ್ ಸಂಸ್ಥೆಗಾಗಿ ಒಂದು ಸಣ್ಣ ಪ್ರಬಂಧವನ್ನು ಬರೆದು, ಎಂಟು ಮೆಟ್ಟಿಲುಗಳ ಒಂದು ಏಣಿಯನ್ನು ಚಿತ್ರಿಸಿದರು. ಹಿರಿಯರು ತಮ್ಮ ಮಾತನ್ನು ಮಕ್ಕಳ ಬಾಯಿಂದ ಆಡಿಸುವದು ಮೊದಲನೆಯ ಮೆಟ್ಟಿಲು. ಉದ್ದೇಶವನ್ನು ತಿಳಿಸದೆ ಮಕ್ಕಳಿಗೆ ಒಂದೇ ಬಗೆಯ ಉಡುಪು ತೊಡಿಸಿ ಹಾಡಿಸಿ ಕುಣಿಸುವದು ಎರಡನೆಯದು. ಇದಕ್ಕೆ ಅವರು ಅಲಂಕಾರವೆಂದು ಹೆಸರಿಟ್ಟರು. ಜಾಣನಾದ ಒಬ್ಬ ಬಾಲಕನನ್ನು ವೇದಿಕೆಯ ಮೇಲೆ ಕೂಡ್ರಿಸಿ ಎಲ್ಲ ಮಕ್ಕಳನ್ನೂ ಕೇಳಿದೆವೆಂದು ಹೇಳಿಕೊಳ್ಳುವದು ಮೂರನೆಯದು. ಈ ಮೂರರಲ್ಲಿಯೂ ಮಕ್ಕಳು ಕಣ್ಣಿಗೆ ಕಾಣುವರೇ ಹೊರತು ಕಾರ್ಯದಲ್ಲಿ ಪಾಲುಗಾರರಲ್ಲ. ನಿಜವಾದ ಪಾಲು ನಾಲ್ಕನೆಯದರಿಂದ ಆರಂಭವಾಗುವದು. 1990ರಲ್ಲಿ ನ್ಯೂಯಾರ್ಕಿನಲ್ಲಿ ಮಕ್ಕಳಿಗಾಗಿ ರಾಷ್ಟ್ರನಾಯಕರ ಸಮ್ಮೇಳನವು ನೆರೆದಾಗ, ಒಬ್ಬೊಬ್ಬ ನಾಯಕನಿಗೆ ಒಂದೊಂದು ಮಗುವನ್ನು ದಾರಿ ತೋರಲು ನೇಮಿಸಿದ್ದರು. ಕೆಲಸವನ್ನು ವಹಿಸಿದವರು ಹಿರಿಯರೇ. ಆದರೂ ತಮ್ಮ ಕೆಲಸವೇನು, ಅದು ಏತಕ್ಕೆ ಬೇಕು ಎಂಬದು ಆ ಮಕ್ಕಳಿಗೆ ಗೊತ್ತಿತ್ತು. ಮಕ್ಕಳೇ ಕಾರ್ಯವನ್ನು ಆರಂಭಿಸಿ ಹಿರಿಯರೊಡನೆ ಕೂಡಿ ನಿರ್ಣಯಿಸುವದು ಎಂಟನೆಯ ಮೆಟ್ಟಿಲು.

ಎಂಟನೆಯದರಲ್ಲಿಯೂ ಹಿರಿಯರು ದೂರ ಸರಿಯುವದಿಲ್ಲವೆಂಬದನ್ನು ಗಮನಿಸಬೇಕು. ಹಕ್ಕೆಂದರೆ ಮಕ್ಕಳನ್ನು ಹಿರಿಯರಿಂದ ಬೇರ್ಪಡಿಸುವ ಗೋಡೆಯಲ್ಲ. ಎಲ್ಲ ಕಾರ್ಯಗಳೂ ತುದಿಯ ಮೆಟ್ಟಿಲನ್ನೇ ಮುಟ್ಟಬೇಕೆಂಬ ಹಟ ಬೇಡವೆಂದು 2008ರಲ್ಲಿ ಹಾರ್ಟರೇ ಎಚ್ಚರಿಸಿರುವರು. ಭಕ್ತರು ಇದನ್ನು ಷಟ್‌ಸ್ಥಲದ ಸೋಪಾನಕ್ಕೆ ಹೋಲಿಸಬೇಕಾಗಿಲ್ಲ. ಅದು ಜೀವನು ಶಿವನಲ್ಲಿ ಸಮರಸವಾಗುವ ಹಾದಿ, ಇದು ಹಿರಿಯರು ತಮ್ಮ ನಡೆಯನ್ನು ಅಳೆದುಕೊಳ್ಳುವ ಅಳತೆಗೋಲು.

ಈ ಅಳತೆಗೋಲು ಬಡನಾಡುಗಳ ಅಭಿವೃದ್ಧಿಯ ಕಾರ್ಯಗಳಿಗೂ ಬೇಕು. ಊರಿಗೊಂದು ಬಾವಿ ತೋಡಿಸುವಾಗ ಸ್ಥಳವನ್ನು ಆರಿಸುವವರು ಅಧಿಕಾರಿಗಳು, ಊರ ಹಿರಿಯರು. ಕೊಡವನ್ನು ಹೊತ್ತು ನಡೆಯುವವಳು ಅನೇಕ ಕಡೆಗಳಲ್ಲಿ ಹತ್ತು ವರ್ಷದ ಹುಡುಗಿ. ದಾರಿಯ ಏರು, ಕತ್ತಲೆಯ ಭಯ, ಶಾಲೆಗೆ ತಪ್ಪುವ ಹೊತ್ತು ಅವಳಿಗೆ ಗೊತ್ತು. ಅವಳನ್ನು ಕೇಳದೆ ತೋಡಿದ ಬಾವಿಯಲ್ಲಿ ನೀರಿದ್ದರೂ ಅವಳ ಕಷ್ಟ ತೀರದೆ ಇರಬಹುದು. ಮಕ್ಕಳಿಂದಲೇ ತಮ್ಮ ಊರಿನ ನಕಾಶೆಗಳನ್ನು ಬರೆಯಿಸಿ, ಅವನ್ನು ಮುಂದಿಟ್ಟುಕೊಂಡು ಅವರೊಡನೆ ಚರ್ಚಿಸುವ ಕ್ರಮಗಳನ್ನು ಹಾರ್ಟರು 1997ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಜರುಗುವ ಮಕ್ಕಳ ಗ್ರಾಮಸಭೆಗಳು ಇದೇ ದಿಕ್ಕಿನವು. ಅಲ್ಲಿ ಮಗುವು ಎತ್ತಿದ ಪ್ರಶ್ನೆಗೆ ಉತ್ತರ ದೊರೆತರೆ ಅದು ಸಭೆ. ದೊರೆಯದಿದ್ದರೆ ಅದೂ ಅಲಂಕಾರವೇ.

ಇನ್ನು ಉತ್ಸವಗಳ ಮಾತು. ಮಠಗಳ ಮಹೋತ್ಸವಗಳಲ್ಲಿ ಮಕ್ಕಳನ್ನು ಸಾಲುಸಾಲಾಗಿ ನಿಲ್ಲಿಸಿ, ಕೈಯಲ್ಲಿ ಧ್ವಜ ಕೊಟ್ಟು, ಅತಿಥಿಗಳು ಬರುವ ತನಕ ಬಿಸಿಲಿನಲ್ಲಿ ಕಾಯಿಸುವದು ಎಲ್ಲೆಡೆಯ ರೂಢಿ. ಭಕ್ತಿಯಿಂದಲೇ ಮಾಡುವರು, ಸಂದೇಹವಿಲ್ಲ. ಆದರೆ ಇಷ್ಟಲಿಂಗವನ್ನು ಧರಿಸಿದ ಆ ಬಾಲಕರು ತೋರಣಗಳಲ್ಲ. ಉತ್ಸವವು ಏತಕ್ಕೆಂದು ಅವರಿಗೆ ತಿಳಿಸಿದವರಾರು? ಬಾಯಾರಿಕೆಯಾಯಿತೇ ಎಂದು ಕೇಳಿದವರಾರು?

ಮಠದ ಪ್ರಸಾದನಿಲಯವು ಈ ವಿಚಾರಕ್ಕೆ ಒಳ್ಳೆಯ ಕ್ಷೇತ್ರ. ತಿಂಗಳಿಗೊಂದು ದಿನ ವಿದ್ಯಾರ್ಥಿಗಳು ಕೂಡಿ ನೀರು, ದೀಪ, ಊಟದ ಹೊತ್ತು, ಓದಿನ ಕೋಣೆಗಳ ಕುಂದುಕೊರತೆಗಳನ್ನು ನಿರ್ಭಯವಾಗಿ ಹೇಳಲಿ. ಆಗತಕ್ಕದ್ದನ್ನು ಹಿರಿಯರು ಮಾಡಲಿ. ಆಗದಿದ್ದದ್ದಕ್ಕೆ ಕಾರಣವನ್ನು ಹೇಳಲಿ. ಮಕ್ಕಳು ಬೇಡಿದ್ದನ್ನೆಲ್ಲ ಕೊಡುವದು ಧರ್ಮವಲ್ಲ. ಅವರನ್ನು ಕೇಳದೆಯೇ ನಿರ್ಣಯಿಸುವದೂ ಧರ್ಮವಲ್ಲ. ಅನ್ನದಾಸೋಹ, ಜ್ಞಾನದಾಸೋಹಗಳನ್ನು ನಡೆಯಿಸಿಕೊಂಡು ಬಂದ ಸಂಸ್ಥೆಗೆ ಕಿವಿಗೊಡುವ ದಾಸೋಹವೊಂದು ಭಾರವಾಗಲಾರದು. ಅದಕ್ಕೆ ದ್ರವ್ಯವು ಬೇಡ, ತಾಳ್ಮೆಯಿದ್ದರೆ ಸಾಕು.

ಈ ಮಹೋತ್ಸವದ ಸವಿನೆನಪಾಗಿ ಭಕ್ತರು ಅಂಥ ಒಂದು ಸಭೆಗೆ ಆರಂಭ ಮಾಡಿದರೆ, ಇಂದು ಸಾಲಿನಲ್ಲಿ ನಿಂತ ಬಾಲಕರು ಮುಂದಿನ ಮಹೋತ್ಸವವನ್ನು ತಮ್ಮದೆಂದು ತಿಳಿದು ನಡೆಯಿಸುವರು. ಶಿವನು ಆ ಬುದ್ಧಿಯನ್ನು ಎಲ್ಲರಿಗೂ ಕರುಣಿಸಲಿ.