ಮನೆಯ ಮಾತು, ಶಾಲೆಯ ಅಂಗಳ

(ಬೇಸಿಗೆ ರಜೆಯಲ್ಲಿ ಊರಿಗೆ ಬಂದಿದ್ದ ಗಲ್ಫ್ ಕುಟುಂಬಗಳ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಲ್ಲಿ ಕುಳಿತಿರುವವರಲ್ಲಿ ಹಲವರ ಮಕ್ಕಳು ದುಬೈ, ಶಾರ್ಜಾ, ದಮ್ಮಾಮ್, ಜುಬೈಲ್‌ಗಳ ಶಾಲೆಗಳಲ್ಲಿ ಕಲಿಯುತ್ತಿದ್ದಾರೆ. ಆ ತರಗತಿಗಳ ಒಂದೇ ಬೆಂಚಿನಲ್ಲಿ ಭಟ್ಕಳದ ಹುಡುಗ, ತಿರುವಲ್ಲದ ಕ್ರೈಸ್ತ ಹುಡುಗಿ, ಉಡುಪಿಯ ಹಿಂದೂ ಬಾಲಕ, ಈಜಿಪ್ಟಿನ ಅಥವಾ ಫಿಲಿಪ್ಪೀನ್ಸಿನ ಮಗು ಜೊತೆಯಾಗಿ ಕುಳಿತಿರುವುದು ಅಪರೂಪದ ಸಂಗತಿಯಲ್ಲ. ಇಂತಹ ಶಾಲೆಯಲ್ಲಿ ಪರಸ್ಪರ ಗೌರವದ ವಾತಾವರಣ ಉಳಿಯಬೇಕಾದರೆ ಹೆತ್ತವರ ಪಾತ್ರವೇನು ಎಂಬುದು ಇಂದಿನ ವಿಷಯ. ಶುಲ್ಕ ಕಟ್ಟುವುದು ಮತ್ತು ಅಂಕಪಟ್ಟಿಗೆ ಸಹಿ ಹಾಕುವುದು ಮಾತ್ರ ನಮ್ಮ ಪಾತ್ರ ಎಂದು ಭಾವಿಸಿದವರೇ ನಮ್ಮಲ್ಲಿ ಅಧಿಕ.

ಅಂತಾರಾಷ್ಟ್ರೀಯ ಶಾಲೆ ಎಂಬ ಕಲ್ಪನೆಗೆ ನೂರು ವರ್ಷ ಕಳೆದಿದೆ. ಮೊದಲ ಮಹಾಯುದ್ಧ ಮುಗಿದ ಬಳಿಕ ಜಿನೀವಾದಲ್ಲಿ ರಾಷ್ಟ್ರ ಸಂಘ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು ಕೆಲಸ ಆರಂಭಿಸಿದವು. ಅವುಗಳ ಅಧಿಕಾರಿಗಳ ಮಕ್ಕಳಿಗಾಗಿ 1924ರಲ್ಲಿ ಅಲ್ಲಿ ಒಂದು ಶಾಲೆ ತೆರೆಯಿತು. ನಿನ್ನೆ ಮೊನ್ನೆಯವರೆಗೆ ಪರಸ್ಪರ ಕೊಂದುಕೊಂಡ ದೇಶಗಳ ಮಕ್ಕಳು ಒಂದೇ ಅಂಗಳದಲ್ಲಿ ಆಡಬೇಕು ಎಂಬುದು ಆ ಪ್ರಯೋಗದ ಆಶಯವಾಗಿತ್ತು. ಅದೇ ಜಿನೀವಾದಲ್ಲಿ 1968ರಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಎಂಬ ಪಠ್ಯಕ್ರಮದ ಸಂಸ್ಥೆ ಹುಟ್ಟಿತು. ಇಂದು ಬೆಂಗಳೂರಿನಲ್ಲಿಯೂ ಆ ಪಠ್ಯಕ್ರಮದ ಶಾಲೆಗಳಿವೆ. ಆದರೆ ಹವಾನಿಯಂತ್ರಿತ ಕೊಠಡಿ, ಈಜುಕೊಳ ಮತ್ತು ಇಂಗ್ಲಿಷ್ ಉಚ್ಚಾರಣೆಯನ್ನು ಕಂಡು ಅಲ್ಲಿಗೆ ಮಕ್ಕಳನ್ನು ಸೇರಿಸುವ ನಾವು, ಯಾವ ಗಾಯಕ್ಕೆ ಮದ್ದಾಗಿ ಆ ಶಾಲೆ ಹುಟ್ಟಿತು ಎಂಬುದನ್ನು ಮರೆತಿದ್ದೇವೆ.

ಸಹೋದರರೇ, ನನ್ನ ಕುಟುಂಬದಲ್ಲಿಯೇ ನಡೆದ ಒಂದು ಘಟನೆಯನ್ನು ಹೇಳುತ್ತೇನೆ. ಗಲ್ಫಿನ ಒಂದು ನಗರದಲ್ಲಿ ನನ್ನ ಅಕ್ಕನ ಸಂಸಾರವಿದೆ. ಆಕೆಯ ಮಗ ಆಗ ನಾಲ್ಕನೆಯ ತರಗತಿಯಲ್ಲಿದ್ದ. ನಾನು ಅವರಲ್ಲಿಗೆ ಹೋಗಿದ್ದ ಸಮಯದಲ್ಲಿ ಶಾಲೆಯಿಂದ ಕರೆ ಬಂತು. ಸುಡಾನ್ ದೇಶದ ಸಹಪಾಠಿಯೊಬ್ಬನನ್ನು ಇವನು ಹಲವು ದಿನಗಳಿಂದ 'ಕಾಲಿಯಾ' ಎಂದು ಕರೆಯುತ್ತಿದ್ದನಂತೆ. ಉಳಿದ ಮಕ್ಕಳೂ ದನಿಗೂಡಿಸಿದ್ದರು. ಆ ಹುಡುಗ ಶಾಲೆಗೆ ಬರಲು ಒಲ್ಲೆ ಎನ್ನುತ್ತಿದ್ದ. ಅಕ್ಕನ ಮೊದಲ ಪ್ರತಿಕ್ರಿಯೆ ನಮ್ಮೆಲ್ಲರದೂ ಆಗಿರುವ ಪ್ರತಿಕ್ರಿಯೆಯೇ: "ಮಕ್ಕಳಾಟಿಕೆ, ಇದನ್ನು ಏಕೆ ದೊಡ್ಡದು ಮಾಡುತ್ತಾರೆ?"

ಅಂದು ರಾತ್ರಿ ಭಾವ ಮಗನನ್ನು ಹತ್ತಿರ ಕುಳ್ಳಿರಿಸಿ, "ಈ ಮಾತನ್ನು ನೀನು ಎಲ್ಲಿ ಕಲಿತೆ?" ಎಂದು ಕೇಳಿದರು. ಹುಡುಗ ತಲೆ ತಗ್ಗಿಸಿ, "ಅಬ್ಬಾ, ನೀವು ವಾಚ್‌ಮ್ಯಾನ್‌ಗೆ ಹಾಗೆಯೇ ಹೇಳುತ್ತೀರಲ್ಲಾ?" ಎಂದ. ಮನೆ ಸ್ತಬ್ಧವಾಯಿತು. ಮುಚ್ಚಿಡದೆ ಹೇಳುತ್ತೇನೆ, ಎರಡು ದಿನಗಳ ಹಿಂದೆ ಅದೇ ಮನೆಯಲ್ಲಿ ಊಟಕ್ಕೆ ಕುಳಿತಾಗ ಭಾವ ಆ ಪದವನ್ನು ಬಳಸಿದ್ದರು, ನಾನು ನಕ್ಕಿದ್ದೆ. ಮದ್ರಸದಲ್ಲಿ ವರ್ಷಗಟ್ಟಲೆ ಹದೀಸ್ ಓದಿದ ನಾನು ನಕ್ಕಿದ್ದೆ.

ಮರುದಿನ ಭಾವ ಮಗನನ್ನು ಕರೆದುಕೊಂಡು ಆ ಸುಡಾನಿ ಕುಟುಂಬದ ಮನೆಗೆ ಕ್ಷಮೆ ಕೇಳಲು ಹೊರಟರು. ನಾನೂ ಜೊತೆಗಿದ್ದೆ. ಆ ತಂದೆ ನಮ್ಮನ್ನು ಗದರಿಸಲಿಲ್ಲ, ಚಹಾ ತರಿಸಿದರು. ಅಸರ್ ಬಾಂಗ್ ಕೇಳಿಸಿತು. ಅವರು ಇಮಾಮರಾಗಿ ನಿಂತರು, ನಾವು ಹಿಂದೆ ನಿಂತೆವು. ಯಾರ ಬಣ್ಣವನ್ನು ನಮ್ಮ ಮನೆಯಲ್ಲಿ ತಮಾಷೆಯಾಗಿ ಮಾಡಿಕೊಂಡಿದ್ದೆವೋ ಅವರ ಹಿಂದೆ ಸುಜೂದ್‌ಗೆ ಹಣೆಯಿಟ್ಟಾಗ ಆದ ನಾಚಿಕೆಯನ್ನು ನಾನು ಇಂದಿಗೂ ಮರೆತಿಲ್ಲ.

ಸಹಾಬಿವರ್ಯ ಅಬೂದರ್ರ್(ರ) ಅವರು ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹೀಯಾಳಿಸಿದ ಪ್ರಸಂಗ ಬುಖಾರಿ ಗ್ರಂಥದಲ್ಲಿದೆ. ಅಂತಹ ಮಹಾನ್ ವ್ಯಕ್ತಿಯಲ್ಲಿಯೂ ಅಜ್ಞಾನ ಕಾಲದ ಅಂಶ ಉಳಿದಿದೆ ಎಂದು ಪ್ರವಾದಿವರ್ಯರು(ಸ) ನೇರವಾಗಿ ಎಚ್ಚರಿಸಿದರು. ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 11ನೇ ಸೂಕ್ತವು ಅಪಹಾಸ್ಯವನ್ನೂ ಕೆಟ್ಟ ಅಡ್ಡಹೆಸರುಗಳನ್ನೂ ನಿಷೇಧಿಸಿದೆ. 13ನೇ ಸೂಕ್ತವು ಜನಾಂಗ, ಗೋತ್ರಗಳಿರುವುದು ಪರಸ್ಪರ ಪರಿಚಯಕ್ಕಾಗಿ ಎಂದು ಕಲಿಸುತ್ತದೆ. ಈ ಸೂಕ್ತಗಳನ್ನು ನಮ್ಮ ಮಕ್ಕಳು ಕಂಠಪಾಠ ಮಾಡಿದ್ದಾರೆ. ಆದರೆ ಅವರು ಅನುಸರಿಸುವುದು ಕಂಠಪಾಠವನ್ನಲ್ಲ, ನಮ್ಮ ಊಟದ ಹೊತ್ತಿನ ಮಾತುಗಳನ್ನು.

ಇನ್ನೊಂದು ಪ್ರಶ್ನೆ ಅಂದಿನಿಂದ ನನ್ನನ್ನು ಕಾಡುತ್ತಿದೆ. ಆ ಹುಡುಗ ಮುಸ್ಲಿಮನಾಗಿರದೆ ಹಿಂದೂವೋ ಕ್ರೈಸ್ತನೋ ಆಗಿದ್ದರೆ ನಾವು ಆ ಮನೆಯ ಬಾಗಿಲು ತಟ್ಟುತ್ತಿದ್ದೆವೇ?

ನಮ್ಮ ರಾಜ್ಯದಲ್ಲಿ ಹಿಜಾಬ್ ವಿಷಯದಲ್ಲಿ ಏನಾಯಿತೆಂದು ನಿಮಗೆ ತಿಳಿದಿದೆ. 2022ರ ಆರಂಭದಲ್ಲಿ ಹಲವು ಕಾಲೇಜುಗಳ ಗೇಟಿನ ಹೊರಗೆ ನಮ್ಮ ಹೆಣ್ಣು ಮಕ್ಕಳು ನಿಲ್ಲಬೇಕಾಯಿತು. ಮಾರ್ಚ್ 15ರಂದು ಹೈಕೋರ್ಟು ಸರಕಾರದ ಸಮವಸ್ತ್ರ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಆ ದಿನಗಳಲ್ಲಿ ನಾವು ಕೇಳಿದ್ದೇನು? ಶಾಲೆ ಎಲ್ಲರದು, ಮಗುವಿನ ನಂಬಿಕೆಯನ್ನು ಗೇಟಿನಲ್ಲಿ ಕಳಚಿಡಲು ಹೇಳಬೇಡಿ, ಸಹಪಾಠಿಗಳ ಎದುರು ಅವಮಾನಿಸಬೇಡಿ ಎಂದು. ಅದು ನ್ಯಾಯವಾದ ಬೇಡಿಕೆಯಾಗಿತ್ತು. ಆದರೆ ಗಲ್ಫಿನ ಶಾಲೆಯಲ್ಲಿ ನಮ್ಮ ಮಕ್ಕಳು ಅಲ್ಪಸಂಖ್ಯಾತರಲ್ಲ. ಅಲ್ಲಿ ನಮ್ಮ ಹಬ್ಬಕ್ಕೆ ರಜೆಯಿದೆ, ಮುಸ್ಲಿಮ್ ವಿದ್ಯಾರ್ಥಿಗಳಿಗೆ ಇಸ್ಲಾಮೀ ಶಿಕ್ಷಣದ ಪಾಠವಿದೆ. ಅಲ್ಲಿ ಒಂಟಿಯೆನಿಸುವ ಮಗು ಬೇರೆಯವರದು. ಅಲ್ಪಸಂಖ್ಯಾತರಾಗಿದ್ದಾಗ ನಾವು ಕೇಳುವ ಹಕ್ಕನ್ನು ಅನುಕೂಲಸ್ಥರಾಗಿದ್ದಾಗ ಇತರರಿಗೆ ಕೊಡದಿದ್ದರೆ ನಮ್ಮ ಬೇಡಿಕೆ ನ್ಯಾಯದ ಬೇಡಿಕೆಯಾಗಿ ಉಳಿಯುವುದಿಲ್ಲ, ಕೇವಲ ಗುಂಪಿನ ಬೇಡಿಕೆಯಾಗುತ್ತದೆ. ನ್ಯಾಯವು ಸ್ವತಃ ನಮಗೆ ವಿರುದ್ಧವಾಗಿದ್ದರೂ ಅದರ ಪರ ನಿಲ್ಲಬೇಕೆಂಬುದು ಕುರ್‌ಆನಿನ ಆದೇಶ.

ಹಾಗಾದರೆ ಹೆತ್ತವರು ಮಾಡಬೇಕಾದುದೇನು?

ಮೊದಲನೆಯದು ಮನೆಯ ಭಾಷೆ. ಚಾಲಕ, ಮನೆಗೆಲಸದಾಕೆ, ಕಟ್ಟಡದ ಕಾವಲುಗಾರ, ಬೇರೆ ದೇಶ ಮತ್ತು ಬೇರೆ ಧರ್ಮದವರ ಬಗ್ಗೆ ನಾವು ಬಳಸುವ ಪದಗಳನ್ನು ಒಂದು ವಾರ ಗಮನಿಸಿರಿ. ಯಾವ ಪದವನ್ನು ಆ ವ್ಯಕ್ತಿಯ ಎದುರು ಹೇಳಲು ಹಿಂಜರಿಯುತ್ತೇವೋ ಅದನ್ನು ಮಕ್ಕಳ ಎದುರು ಹೇಳುವುದು ಬೇಡ.

ಎರಡನೆಯದು ನಂಬಿಕೆಯ ಬಗ್ಗೆ ಮಾತನಾಡುವ ಕ್ರಮ. ಸಹಪಾಠಿಯ ಬುತ್ತಿಯಲ್ಲಿ ನಮಗೆ ನಿಷಿದ್ಧವಾದುದಿದ್ದರೆ, "ನಾವು ಇದನ್ನು ತಿನ್ನುವುದಿಲ್ಲ" ಎನ್ನಲು ಮಗುವಿಗೆ ಕಲಿಸಿರಿ. "ಛೀ" ಎನ್ನಲು ಕಲಿಸಬೇಡಿ. ತೌಹೀದ್ ಕಲಿಸುವುದು ನಮ್ಮ ಹೊಣೆ, ಸಹಪಾಠಿಗೆ ನರಕದ ತೀರ್ಪು ಕೊಡುವುದು ಮಗುವಿನ ಕೆಲಸವಲ್ಲ. ಇತರರು ಆರಾಧಿಸುವುದನ್ನು ನಿಂದಿಸಬಾರದೆಂದು ಅಲ್ ಅನ್‌ಆಮ್ ಅಧ್ಯಾಯದ 108ನೇ ಸೂಕ್ತ ಸ್ಪಷ್ಟವಾಗಿ ಹೇಳಿದೆ. ತನ್ನ ಆದರ್ಶದಲ್ಲಿ ದೃಢವಾಗಿರುವವನಿಗೆ ಇತರರನ್ನು ಹೀಯಾಳಿಸುವ ಅಗತ್ಯ ಬೀಳುವುದಿಲ್ಲ.

ಮೂರನೆಯದು ವಾಟ್ಸ್ಆ್ಯಪ್ ಗುಂಪು. ತರಗತಿಯ ಹೆತ್ತವರ ಗುಂಪಿನಲ್ಲಿ ಶಿಕ್ಷಕಿಯ ಜಾತಿ, ದೇಶ, ಉಚ್ಚಾರಣೆಯ ಬಗ್ಗೆ ಕುಹಕ ಬಂದಾಗ ನಮ್ಮಲ್ಲಿ ಹೆಚ್ಚಿನವರು ಮೌನವಾಗಿರುತ್ತಾರೆ. ಭಾರತದ ರಾಜಕೀಯದ ವಿಷ ಆ ಗುಂಪುಗಳಿಗೂ ಹರಿಯುತ್ತದೆ. ದ್ವೇಷಕ್ಕೆ ದ್ವೇಷದ ಫಾರ್ವರ್ಡ್ ಉತ್ತರವಲ್ಲ. "ಇದು ಮಕ್ಕಳ ಶಾಲೆಯ ಗುಂಪು, ಇಲ್ಲಿ ಇದು ಬೇಡ" ಎಂಬ ಒಂದೇ ಸಾಲು ಸಾಕು. ಶಿಕ್ಷಕರ ಬಗ್ಗೆ ನಿಜವಾದ ದೂರಿದ್ದರೆ ಅದನ್ನು ಗುಂಪಿನಲ್ಲಿ ಹರಡದೆ ಶಾಲೆಗೆ ನೇರವಾಗಿ ತಿಳಿಸಿರಿ. ಯುಎಇ 2015ರಲ್ಲಿಯೇ ಧರ್ಮ, ಜನಾಂಗ, ಬಣ್ಣಗಳ ಆಧಾರದ ತಾರತಮ್ಯ ಮತ್ತು ದ್ವೇಷದ ವಿರುದ್ಧ ಕಾನೂನು ತಂದಿತು ಎಂಬುದು ನೆನಪಿರಲಿ. ಆದರೆ ಕಾನೂನಿನ ಭಯಕ್ಕಿಂತ ಮೊದಲು ಅಲ್ಲಾಹನ ಭಯವಿರಬೇಕು.

ನಾಲ್ಕನೆಯದು ಭಿನ್ನ ಸಾಮರ್ಥ್ಯದ ಮಕ್ಕಳು. ದುಬೈಯ ಶಿಕ್ಷಣ ಪ್ರಾಧಿಕಾರವು 2017ರಲ್ಲಿ ಸಮಾವೇಶಕ ಶಿಕ್ಷಣದ ನೀತಿಯನ್ನು ಪ್ರಕಟಿಸಿತು. ಅಂಗವಿಕಲರಿಗೆ ಆ ದೇಶ ಅದೇ ವರ್ಷ 'ದೃಢಸಂಕಲ್ಪದ ಜನರು' ಎಂಬರ್ಥದ ಹೆಸರು ನೀಡಿತು. ಆದರೆ, "ಆ ಮಗುವಿನಿಂದಾಗಿ ನಮ್ಮ ಮಗುವಿನ ಪಾಠ ಹಿಂದೆ ಬೀಳುತ್ತದೆ, ಬೇರೆ ತರಗತಿಗೆ ಹಾಕಿ" ಎಂದು ಮುಖ್ಯಸ್ಥರ ಕೊಠಡಿಗೆ ಹೋಗುವ ಹೆತ್ತವರು ನಮ್ಮಲ್ಲಿಯೂ ಇದ್ದಾರೆ. ಕುರುಡರಾದ ಇಬ್ನ್ ಉಮ್ಮಿ ಮಕ್ತೂಮ್(ರ) ಅವರ ಕಡೆಗೆ ಗಮನ ಕಡಿಮೆಯಾದ ಒಂದು ಕ್ಷಣಕ್ಕೆ 'ಅಬಸ' ಎಂಬ ಅಧ್ಯಾಯವೇ ಅವತೀರ್ಣವಾಯಿತು. ನಮ್ಮ ಮಗುವಿನ ಹುಟ್ಟುಹಬ್ಬದ ಊಟಕ್ಕೋ ಈದ್ ಭೇಟಿಗೋ ಆ ಮಗುವನ್ನು ಮೊದಲು ಕರೆಯೋಣ.

ಐದನೆಯದು ನಮ್ಮ ಅಗತ್ಯಗಳನ್ನು ಸೌಜನ್ಯದಿಂದ ತಿಳಿಸುವುದು. ಗಲ್ಫಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ನಮಾಝ್, ರಮಝಾನಿನ ಉಪವಾಸ, ಆಟೋಟದ ಉಡುಪು ಇವುಗಳ ಬಗ್ಗೆ ಶಾಲೆಗೆ ವರ್ಷಾರಂಭದಲ್ಲಿಯೇ ಪತ್ರ ಬರೆಯಿರಿ. ಸಮಸ್ಯೆ ಬಂದ ದಿನ ಕೂಗಾಡುವುದಕ್ಕಿಂತ ಇದು ಉತ್ತಮ. ಹಾಗೆಯೇ ನಿಮ್ಮ ಮಗುವಿನ ವಿರುದ್ಧ ದೂರು ಬಂದಾಗ ವಕೀಲರಂತೆ ವಾದಿಸಬೇಡಿ, ಮೊದಲು ಕೇಳಿರಿ. ನಮ್ಮ ಮಗು ನೋವು ಅನುಭವಿಸಬಹುದು ಎಂದು ನಂಬುವ ನಾವು ಅದು ನೋವು ಕೊಡಲೂಬಹುದು ಎಂದು ಒಪ್ಪಬೇಕು.

ಕ್ರಿ.ಶ. 615ರ ಸುಮಾರಿಗೆ ಮಕ್ಕಾದ ದೌರ್ಜನ್ಯದಿಂದ ಪಾರಾಗಲು ಮೊದಲ ಮುಸ್ಲಿಮರು ಅಬಿಸೀನಿಯಾಕ್ಕೆ ಹೋದಾಗ ಅವರಿಗೆ ಆಶ್ರಯ ಕೊಟ್ಟದ್ದು ಕಪ್ಪು ವರ್ಣದ ಒಬ್ಬ ಕ್ರೈಸ್ತ ದೊರೆ. ನಮ್ಮ ಇತಿಹಾಸದ ಆರಂಭದಲ್ಲಿಯೇ ಬೇರೆ ಬಣ್ಣದ, ಬೇರೆ ಧರ್ಮದ ಒಬ್ಬನ ಋಣವಿದೆ. ಆ ಋಣವನ್ನು ನಾವು ತೀರಿಸುವ ಸ್ಥಳಗಳಲ್ಲಿ ಶಾಲೆಯ ಅಂಗಳವೂ ಒಂದು.

ರಜೆ ಮುಗಿಸಿ ಮರಳುವಾಗ ಪೆಟ್ಟಿಗೆಯಲ್ಲಿ ಹಪ್ಪಳ, ಉಪ್ಪಿನಕಾಯಿಯ ಜೊತೆಗೆ ಒಂದು ನಿರ್ಧಾರವನ್ನೂ ಒಯ್ಯಿರಿ. ತರಗತಿಯಲ್ಲಿ ಒಂಟಿಯಾಗಿ ಕೂರುವ ಮಗು ಯಾವುದೆಂದು ನಿಮ್ಮ ಮಗನನ್ನೋ ಮಗಳನ್ನೋ ಕೇಳಿರಿ. ಆ ಮಗುವಿನ ಹೆಸರನ್ನು ಸರಿಯಾಗಿ ಉಚ್ಚರಿಸಲು ನೀವೂ ಕಲಿಯಿರಿ, ಅವರಿಗೂ ಕಲಿಸಿರಿ.

ಅಲ್ಲಾಹನು ನಮ್ಮ ನಾಲಗೆಗಳನ್ನು ಶುದ್ಧಗೊಳಿಸಲಿ, ನಮ್ಮ ಮಕ್ಕಳನ್ನು ಇತರರಿಗೆ ನೆಮ್ಮದಿಯಾಗುವವರನ್ನಾಗಿ ಮಾಡಲಿ. ಆಮೀನ್.