ಕಪ್ಪು-ಬಸಿಯಿಂದ ಗಲ್ಲಾದವರೆಗೆ



ಈಚೆಗೆ ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ನಾನು ಮಾಡಿದ ಈ ಪುಟ್ಟ ಭಾಷಣವನ್ನು ಬರಹದಲ್ಲಿ ಕೊಡಿ ಎಂದು ಹಲವರು ಕೇಳಿದ್ದೀರಿ. ಲೋಕಲ್ ರೈಲಿನ ಗದ್ದಲದಲ್ಲಿ ಅರ್ಧ ಮಾತ್ರ ಕೇಳಿಸಿತು ಎಂದವರೂ ಇದ್ದೀರಿ. ಇನ್ನು ನಿಧಾನವಾಗಿ ಓದಿಕೊಳ್ಳಿ.

ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ‘ಇಂಟರ್ನ್‌ಶಿಪ್’ ಎಂಬ ಶಬ್ದ ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಇದು ಪದವಿಯ ಪಠ್ಯದೊಳಗೇ ಬಂದು ಕುಳಿತಿದೆ. ಯುಜಿಸಿಯ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆ ಕೆಲಸ. ನಾಲ್ಕು ಕ್ರೆಡಿಟ್ ಬೇಕಾದರೆ 120 ಗಂಟೆ ಎಲ್ಲಿಯಾದರೂ ಹೋಗಿ ಕೆಲಸ ಕಲಿಯಬೇಕು.

ಶಬ್ದ ಹೊಸದು, ಸಂಗತಿ ಹಳೆಯದು. ಮುಂಬಯಿಗೆ ಬಂದ ನಮ್ಮ ಕರಾವಳಿಯ ಹುಡುಗರು ಮಾಡಿದ್ದು ಇದನ್ನೇ ಅಲ್ಲವೇ? ಮೊದಲು ಕಪ್ಪು-ಬಸಿ ತೊಳೆಯುವುದು, ಆಮೇಲೆ ಮೇಜು ಒರೆಸುವುದು, ಆಮೇಲೆ ವೇಟರ್, ನಂಬಿಕೆ ಬಂದ ಮೇಲೆ ಗಲ್ಲಾ. ‘ಆಳಾಗಬಲ್ಲವನು ಅರಸನಾಗಬಲ್ಲ’ ಎಂಬ ಗಾದೆಗೆ ಈ ಊರಿನಲ್ಲಿ ಬೇಕಾದಷ್ಟು ಸಾಕ್ಷಿಗಳಿವೆ. ಮಾಟುಂಗಾ ಸ್ಟೇಷನ್ ಪಕ್ಕದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರು ಸಣ್ಣ ವಯಸ್ಸಿನಲ್ಲೇ ಇಲ್ಲಿಗೆ ಬಂದು ದುಡಿದವರು. ಮೂಲ್ಕಿಯ ಕಡೆಯ ರಘುನಂದನ ಕಾಮತರು ಇಲ್ಲಿ ಅಣ್ಣನ ಹೋಟೆಲಿನಲ್ಲಿ ಕೆಲಸ ಕಲಿತರು. 1984ರ ಫೆಬ್ರವರಿ 14ರಂದು ಜುಹೂವಿನಲ್ಲಿ ನಾಲ್ಕು ಜನ ಕೆಲಸದವರನ್ನಿಟ್ಟುಕೊಂಡು ‘ನ್ಯಾಚುರಲ್ಸ್’ ಐಸ್‌ಕ್ರೀಮ್ ಶುರುಮಾಡಿದರು. ಬರೇ ಐಸ್‌ಕ್ರೀಮ್ ತಿನ್ನಲು ಜನ ಬರಲಾರರೆಂದು ಜೊತೆಯಲ್ಲಿ ಪಾವ್‌ಭಾಜಿಯನ್ನೂ ಇಟ್ಟಿದ್ದರು! ಅವರ ತಂದೆ ಹಣ್ಣಿನ ವ್ಯಾಪಾರಿ. ಯಾವ ಹಣ್ಣು ಹದಕ್ಕೆ ಬಂದಿದೆ ಎಂಬ ಜ್ಞಾನ ಆ ಮನೆಯಿಂದ ಬಂದದ್ದು, ಗಿರಾಕಿಯ ನಾಡಿ ಹಿಡಿಯುವ ಜ್ಞಾನ ಅಣ್ಣನ ಹೋಟೆಲಿನಿಂದ ಬಂದದ್ದು. ಕಾಮತರು 2024ರ ಮೇ ತಿಂಗಳಲ್ಲಿ ತೀರಿಕೊಂಡರು.

ಹಾಗೆಂದು ಆ ಕಾಲವನ್ನು ಹೊಗಳಿ ಅಟ್ಟಕ್ಕೇರಿಸಲು ನಾನು ಸಿದ್ಧಳಿಲ್ಲ. ಓದುವ ವಯಸ್ಸಿನ ಮಕ್ಕಳು ಬೆಳಗಿನಿಂದ ರಾತ್ರಿಯವರೆಗೆ ದುಡಿದು, ಹೋಟೆಲಿನ ಮೇಜಿನ ಮೇಲೆಯೇ ಮಲಗುತ್ತಿದ್ದರು. ಗಲ್ಲಾದವರೆಗೆ ತಲುಪಿದವರ ಕತೆ ನಮಗೆ ಗೊತ್ತು. ಕಪ್ಪು-ಬಸಿಯಲ್ಲೇ ಉಳಿದವರ ಕತೆ ಯಾರೂ ಬರೆದಿಡಲಿಲ್ಲ. ಅಂಥವರಿಗೂ ಅಕ್ಷರ ಸಿಗಲೆಂದೇ ನಮ್ಮ ಹಿರಿಯರು ರಾತ್ರಿ ಶಾಲೆಗಳನ್ನು ಕಟ್ಟಿದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿ ಶಾಲೆಯನ್ನು ಇಲ್ಲಿ ನೆನೆಯಲೇಬೇಕು. ಹಗಲು ಕೆಲಸ, ರಾತ್ರಿ ಪಾಠ. ಎರಡೂ ಕೂಡಿದಾಗಲೇ ಕಲಿಕೆ ಪೂರ್ತಿಯಾಗುತ್ತಿತ್ತು.

ಈಗ ನಮ್ಮ ಕಾಲದ ಒಂದು ಕತೆ ಕೇಳಿ. ಡೊಂಬಿವಲಿಯಲ್ಲಿ ನಮ್ಮ ಕಾರ್ಯಕ್ರಮಕ್ಕೆ ತಪ್ಪದೆ ಪತ್ರ ಬರೆಯುವ ಒಬ್ಬ ಅಮ್ಮ ಇದ್ದಾರೆ. ಉಡುಪಿಯ ಕಡೆಯವರು. ನೆರೆಹೊರೆಯವರಿಗೆ ಸಾರಿನ ಪುಡಿ ಮಾಡಿಕೊಡುತ್ತಿದ್ದರು. ‘ಇದನ್ನೇ ವ್ಯಾಪಾರ ಮಾಡಿ’ ಎಂದು ಎಲ್ಲರೂ ಹೇಳುವವರೇ. ಆದರೆ ಅರ್ಜಿ, ಕಾಗದಪತ್ರ ಎಂದರೆ ಅವರಿಗೆ ಭಯ. ಅದೇ ಹೊತ್ತಿಗೆ ಮುಲುಂಡಿನ ಒಬ್ಬ ಬಿ.ಕಾಂ. ಹುಡುಗಿ 120 ಗಂಟೆ ಕೆಲಸ ಕಲಿಯಲು ಜಾಗ ಹುಡುಕುತ್ತಿದ್ದಳು. ಅವಳ ತಾಯಿಯೂ ನಮ್ಮ ಕೇಳುಗರು. ಇಬ್ಬರನ್ನೂ ಪರಿಚಯ ಮಾಡಿಸಿದ್ದಷ್ಟೇ ನನ್ನ ಪಾಲು.

ಕಾಲೇಜಿನವರು ಮೊದಲು ಒಪ್ಪಲಿಲ್ಲ. ಅಡುಗೆಮನೆಯಲ್ಲಿ ಎಂಥ ಇಂಟರ್ನ್‌ಶಿಪ್? ನೋಂದಣಿಯಾದ ಸಂಸ್ಥೆ ಬೇಕು ಎಂದರು. ಹುಡುಗಿ ಡೊಂಬಿವಲಿಗೆ ಬಂದು, ‘ಆಂಟಿ, ನಿಮ್ಮ ಆಧಾರ್, ಪ್ಯಾನ್ ಕೊಡಿ’ ಎಂದು ಮೊಬೈಲಿನಲ್ಲೇ ಉದ್ಯಮ್ ನೋಂದಣಿಗೆ ಕುಳಿತಳು. 2020ರ ಜುಲೈಯಿಂದ ನಡೆಯುತ್ತಿರುವ ಈ ನೋಂದಣಿಗೆ ಒಂದು ಪೈಸೆ ಶುಲ್ಕವಿಲ್ಲ. ತಿನ್ನುವ ವಸ್ತುವಾದ್ದರಿಂದ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಆಯಿತು. ವರ್ಷಗಟ್ಟಲೆ ಮುಂದೆ ಹಾಕಿದ ಕೆಲಸ ಹುಡುಗಿಯ ಕ್ರೆಡಿಟಿನ ದೆಸೆಯಿಂದ ಮುಗಿಯಿತು!

ನಿಜವಾದ ಪಾಠ ಆಮೇಲೆ ಶುರುವಾಯಿತು. ಕಾಲು ಕಿಲೋ ಪೊಟ್ಟಣಕ್ಕೆ 120 ರೂಪಾಯಿ, ಅಂದರೆ ಕಿಲೋಗೆ 480. ಕೊತ್ತಂಬರಿ, ಬ್ಯಾಡಗಿ ಮೆಣಸು, ಜೀರಿಗೆ, ಮೆಂತೆ, ಎಣ್ಣೆ ಎಲ್ಲ ಸೇರಿ 350 ರೂಪಾಯಿ. 130 ಉಳಿಯುತ್ತದೆ ಎಂದು ಅಮ್ಮ ನಂಬಿದ್ದರು. ಹುಡುಗಿ ಒಂದು ವಾರ ಪಕ್ಕದಲ್ಲೇ ನಿಂತು ಬರೆದುಕೊಂಡಳು. ಗಿರಣಿಗೆ 40, ಗ್ಯಾಸಿಗೆ 25, ಪೊಟ್ಟಣ, ಲೇಬಲಿಗೆ 24, ತಲುಪಿಸಲು ರಿಕ್ಷಾಕ್ಕೆ 30. ಒಟ್ಟು 119. ಉಳಿದದ್ದು ಕಿಲೋಗೆ 11 ರೂಪಾಯಿ! ಹುರಿದು, ಆರಿಸಿ, ತುಂಬಿದ ಎರಡೂವರೆ ಗಂಟೆಯ ದುಡಿಮೆಗೆ ಸಿಕ್ಕ ಕೂಲಿ ಅದು.

‘ಎರಡು ವರ್ಷ ನಾನು ಧರ್ಮಕ್ಕೆ ದುಡಿದೆನಾ ಮಗಾ?’ ಎಂದು ಅಮ್ಮ ಕೇಳಿದರಂತೆ. ಹುಡುಗಿಗೆ ಏನು ಹೇಳಬೇಕೆಂದು ತೋಚಲಿಲ್ಲ. ಲೆಕ್ಕ ಸರಿಯಾಗಿತ್ತು, ಆದರೆ ಎದುರಿಗಿದ್ದವರ ಮುಖ ಬಾಡಿತ್ತು. ಯಾವ ತರಗತಿಯಲ್ಲೂ ಸಿಗದ ಪಾಠ ಇದು ಎಂದು ಅವಳೇ ನನಗೆ ಹೇಳಿದಳು.

ಪೊಟ್ಟಣದ ಬೆಲೆಯನ್ನು 160 ಮಾಡೋಣ ಎಂದಾಗ ಅಮ್ಮ ಎರಡು ದಿನ ಒಪ್ಪಲಿಲ್ಲ. ಪಕ್ಕದ ಮನೆಯವರ ಮುಖ ಹೇಗೆ ನೋಡುವುದು? ಕೊನೆಗೆ ಒಪ್ಪಿದರು. ಆರು ಮನೆಯವರು ಕೊಳ್ಳುವುದನ್ನು ಬಿಟ್ಟರು. ಅವರಲ್ಲೊಬ್ಬರು ಇಪ್ಪತ್ತು ವರ್ಷದ ಗೆಳತಿ. ಆ ನೋವು ಇನ್ನೂ ಹೋಗಿಲ್ಲ. ಆದರೆ ಉಳಿದವರಿಂದ ಈಗ ಕಿಲೋಗೆ 171 ರೂಪಾಯಿ ಕೈಗೆ ಬರುತ್ತಿದೆ.

ಇನ್ನೊಂದು ಮಾತು. ಹುಡುಗಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಮ್ಮ ಮುಂಬಯಿಯ ಎಷ್ಟು ಮಕ್ಕಳ ಸ್ಥಿತಿ ಹೀಗಿದೆ ನೋಡಿ. ಅಮ್ಮನ ಹಳೆಯ ಲೆಕ್ಕದ ಪುಸ್ತಕವಿದ್ದದ್ದು ಕನ್ನಡದಲ್ಲಿ. ಅದನ್ನು ಓದಲೆಂದೇ ಅವಳು ಅಕ್ಷರ ಕಲಿತಳು. ಲೇಬಲಿನಲ್ಲಿ ತೂಕ, ತಯಾರಿಸಿದ ದಿನ, ನೋಂದಣಿ ಸಂಖ್ಯೆ, ಹಸಿರು ಚುಕ್ಕೆ ಎಲ್ಲ ಸರಿಯಾಗಿತ್ತು. ಮೇಲೆ ಅವಳೇ ಬರೆದ ಕನ್ನಡದಲ್ಲಿ ಮಾತ್ರ ‘ಸರಿನ ಪುಡಿ’ ಎಂದು ಅಚ್ಚಾಗಿತ್ತು! ಐವತ್ತು ಲೇಬಲಿಗೂ ಅಮ್ಮ ಪೆನ್ನಿನಲ್ಲಿ ದೀರ್ಘ ಎಳೆದರು.

ಓದುಗರೇ, ನಿಮ್ಮಲ್ಲಿ ಗಲ್ಲಾದಲ್ಲಿ ಕುಳಿತವರಿದ್ದೀರಿ. ಒಬ್ಬ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳಿ. ಆದರೆ ಬಿಟ್ಟಿ ಆಳು ಸಿಕ್ಕಿತೆಂದು ಅಲ್ಲ. ಈ ಅಮ್ಮ ತಮ್ಮ 11 ರೂಪಾಯಿಯ ದಿನಗಳಲ್ಲೂ ಹುಡುಗಿಗೆ ರೈಲ್ವೆ ಪಾಸಿನ ಹಣ ಕೊಟ್ಟರು, ಮಧ್ಯಾಹ್ನ ಊಟ ಬಡಿಸಿದರು. ಲೆಕ್ಕದ ಪುಸ್ತಕವನ್ನು ಮುಚ್ಚಿಡದೆ ತೋರಿಸಿದರು. ಕಲಿಯುವವರಿಗೆ ಲೆಕ್ಕ ತೋರಿಸದೆ ಬರೇ ಪೊಟ್ಟಣ ಕಟ್ಟಿಸಿದರೆ ಅದು ಕಲಿಕೆಯಾಗುವುದಿಲ್ಲ. ವಿದ್ಯಾರ್ಥಿ ಮಿತ್ರರೇ, ನೀವೂ ಅಷ್ಟೆ. ದೊಡ್ಡ ಕಂಪನಿಯ ಸರ್ಟಿಫಿಕೇಟನ್ನೇ ಕಾಯುತ್ತ ಕೂರಬೇಡಿ. ನಿಮ್ಮ ಕಟ್ಟಡದ ಮೂರನೇ ಮಾಳಿಗೆಯಲ್ಲಿ ಹಪ್ಪಳ, ಹೊಲಿಗೆ, ಹೂವಿನ ಕಸುಬು ಮಾಡುವ ಯಾರಿಗೋ ನಿಮ್ಮ ಲೆಕ್ಕ ಬೇಕಾಗಿದೆ.

ಹುಡುಗಿಯ 120 ಗಂಟೆ ಮುಗಿದಿದೆ. ಈಗಲೂ ಭಾನುವಾರ ಡೊಂಬಿವಲಿಗೆ ಹೋಗುತ್ತಾಳಂತೆ. ಒತ್ತಕ್ಷರ ಇನ್ನೂ ಬಾಕಿ ಇದೆಯಂತೆ!